ಮೀನು ಬದುಕಿದೆ ಅಂದರೆ ನೀರು ಚೆನ್ನಾಗಿದೆ ಅಂತಲ್ಲ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಸಮುದ್ರದ ನೀರೂ ಹೊಳೆಯ ನೀರೂ ಬೆರೆಯುವ ಜೌಗುಗಳಲ್ಲಿ, ಬೆರಳುದ್ದದ ಒಂದು ಮೀನಿದೆ. ಹೆಸರು ಮಮಿಚಾಗ್. ದೊಡ್ಡ ಮೀನು ಹಿಡಿಯುವವರು ಇದನ್ನು ಗಾಳಕ್ಕೆ ಸಿಕ್ಕಿಸುತ್ತಾರೆ. ಅದು ಬಿಟ್ಟರೆ ಹೆಚ್ಚಿನವರು ಇದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ನಾನು ಇಷ್ಟು ವರ್ಷ ಮೀನುಗಳ ಬಗ್ಗೆ ಓದಿರುವುದರಲ್ಲಿ ಇಷ್ಟೊಂದು ಕಥೆ ಇರುವ ಮೀನು ಇನ್ನೊಂದು ಸಿಕ್ಕಿಲ್ಲ. ಬಾಹ್ಯಾಕಾಶಕ್ಕೆ ಹೋದ ಮೊದಲ ಮೀನು ಇದೇ. ಕಾರ್ಖಾನೆಗಳು ಸುರಿದ ವಿಷದಲ್ಲಿ ಕೆಲವೇ ದಶಕಗಳಲ್ಲಿ ಬದಲಾಗಿ, ಅಲ್ಲೇ ಬದುಕಿ ತೋರಿಸಿದ ಮೀನೂ ಇದೇ.

ಈ ಎರಡನೇ ಕಥೆ ಆಗಾಗ ಓಡಾಡುತ್ತಿರುತ್ತದೆ. ಅದನ್ನು ಹೇಳುವ ರೀತಿ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. "ನೋಡಿ, ಎಂಥ ವಿಷ ಹಾಕಿದರೂ ಪ್ರಕೃತಿ ಹೊಂದಿಕೊಳ್ಳುತ್ತೆ" ಅಂತ ಹೇಳಿ ಮುಗಿಸಿಬಿಡುತ್ತಾರೆ. ಪೂರ್ತಿ ಕಥೆ ಹಾಗಿಲ್ಲ. ಆ ಮೀನಿನ ಮೈಯಲ್ಲಿ ಏನೇನಾಗಿದೆ ಅಂತ ಒಮ್ಮೆ ನೋಡಿದರೆ ಆ ಮಾತು ಹೇಳೋಕೆ ಬಾಯಿ ಬರುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಮೀನಿನ ಪರಿಚಯ. ಮಮಿಚಾಗ್ ಸೇರಿರುವುದು ಫಂಡ್ಯುಲಸ್ ಅನ್ನುವ ಕುಲಕ್ಕೆ. ಇದರಲ್ಲಿ ಸುಮಾರು 40 ಬಗೆಯ ಮೀನುಗಳಿವೆ, ಎಲ್ಲವನ್ನೂ ಒಟ್ಟಾಗಿ ಕಿಲಿಫಿಶ್ ಅಂತಲೇ ಕರೆಯುವುದು. ಕೆಲವು ಪೂರ್ತಿ ಸಿಹಿನೀರಿನವು. ಕರಾವಳಿಯವು ಮಾತ್ರ ಅಳಿವೆಗಳಲ್ಲಿ, ಉಪ್ಪು ಜೌಗುಗಳಲ್ಲಿ, ಉಬ್ಬರದ ನೀರು ಬಂದು ಹೋಗುವ ಸಣ್ಣ ಕಾಲುವೆಗಳಲ್ಲಿ ಬದುಕುತ್ತವೆ. ಮಮಿಚಾಗ್ ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಿಂದ ಫ್ಲೋರಿಡಾದ ಈಶಾನ್ಯ ಮೂಲೆಯವರೆಗೂ ಸಿಗುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ ಇದರ ಹತ್ತಿರದ ನೆಂಟ ಫಂಡ್ಯುಲಸ್ ಗ್ರ್ಯಾಂಡಿಸ್ ಇದೆ. ಅತ್ತ ಪೆಸಿಫಿಕ್ ಕಡೆ, ಕ್ಯಾಲಿಫೋರ್ನಿಯಾದಲ್ಲಿ, ಫಂಡ್ಯುಲಸ್ ಪಾರ್ವಿಪಿನಿಸ್ ಇದೆ. ಮಮಿಚಾಗ್‌ಗೆ ವೈಜ್ಞಾನಿಕ ಹೆಸರು ಕೊಟ್ಟವನು, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಸ್ವತಃ, 1766ರಲ್ಲಿ.

ಸಾಮಾನ್ಯವಾಗಿ ಏಳರಿಂದ ಹತ್ತು ಸೆಂಟಿಮೀಟರ್ ಉದ್ದ. ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣ ಮಾತ್ರ ಮಂಕು. ಗಂಡಿಗೆ ಮರಿ ಮಾಡುವ ಕಾಲದಲ್ಲಿ ಬಣ್ಣ ಏರುತ್ತದೆ, ಬೆನ್ನು ಕಡು ಹಸಿರು ನೀಲಿಗೆ ತಿರುಗುತ್ತದೆ, ಪಕ್ಕಗಳಲ್ಲಿ ಬೆಳ್ಳಿ ಪಟ್ಟೆ, ಹೊಟ್ಟೆ ಹಳದಿ. ಬಾಯಿ ಮೇಲ್ಮುಖ, ತಲೆ ಚಪ್ಪಟೆ. ನೀರಿನ ಮೇಲ್ಪದರದಲ್ಲಿ ಆಮ್ಲಜನಕ ಸ್ವಲ್ಪ ಜಾಸ್ತಿ ಇರುತ್ತದಲ್ವಾ, ಬೇಸಿಗೆಯಲ್ಲಿ ಕಾಲುವೆಯ ನೀರು ಉಸಿರುಗಟ್ಟಿದಾಗ ಮೇಲೆ ಬಂದು ಆ ತೆಳು ಪದರದ ನೀರನ್ನೇ ಕಿವಿರಿಗೆ ಎಳೆದುಕೊಳ್ಳೋಕೆ ಈ ಬಾಯಿ ಅನುಕೂಲ. ಚಳಿಗಾಲ ಬಂದರೆ ಕೆಸರಿನೊಳಗೆ ಹುದುಗಿಕೊಳ್ಳುತ್ತದೆ.

ಉಪ್ಪಿನ ವಿಷಯಕ್ಕೆ ಬಂದರೆ ಈ ಮೀನಿಗೆ ಸರಿಸಾಟಿ ಕಡಿಮೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಮಿಚಾಗ್ ಸಿಹಿನೀರಿನಲ್ಲೂ ಇರಬಲ್ಲದು. ನಿಧಾನವಾಗಿ ಒಗ್ಗಿಸಿದರೆ ಸಮುದ್ರದ ಮೂರು ಪಟ್ಟು ಉಪ್ಪಿರುವ ನೀರಿನಲ್ಲೂ ಇರಬಲ್ಲದು. ಇದು ಸುಮ್ನೆ ಹೇಳಿದಷ್ಟು ಸುಲಭದ ಕೆಲಸ ಅಲ್ಲ. ಮೀನಿನ ರಕ್ತದಲ್ಲಿರುವ ಉಪ್ಪು ಸಮುದ್ರದ ಉಪ್ಪಿನ ಮೂರನೇ ಒಂದು ಭಾಗದಷ್ಟು ಮಾತ್ರ. ಅಂದರೆ ಸಮುದ್ರದ ನೀರಿನಲ್ಲಿದ್ದಾಗ ಮೈಯಿಂದ ನೀರು ಹೊರಗೆ ಸೋರುತ್ತಿರುತ್ತದೆ, ಉಪ್ಪು ಒಳಗೆ ನುಗ್ಗುತ್ತಿರುತ್ತದೆ. ಆಗ ಮೀನು ಉಪ್ಪುನೀರನ್ನೇ ಕುಡಿದು, ಕಿವಿರಿನಲ್ಲಿರುವ ವಿಶೇಷ ಕೋಶಗಳಿಂದ ಉಪ್ಪನ್ನು ಹೊರಗೆ ತಳ್ಳಬೇಕು. ಸಿಹಿನೀರಿಗೆ ಬಂದರೆ ಎಲ್ಲವೂ ಉಲ್ಟಾ. ಈಗ ನೀರು ಒಳಗೆ ನುಗ್ಗುತ್ತದೆ, ಉಪ್ಪು ಸೋರಿ ಹೋಗುತ್ತದೆ. ಅದೇ ಕಿವಿರು ಈಗ ಉಪ್ಪನ್ನು ಒಳಗೆ ಎಳೆದುಕೊಳ್ಳಬೇಕು. ಹೆಚ್ಚಿನ ಮೀನುಗಳು ಒಂದು ಕಡೆಯ ಕೆಲಸವನ್ನಷ್ಟೇ ಬಲ್ಲವು. ಅಳಿವೆಯ ಮೀನಿಗೆ ಎರಡೂ ಗೊತ್ತಿರಬೇಕು, ಅದೂ ಉಬ್ಬರ ಇಳಿತದ ಲೆಕ್ಕದಲ್ಲಿ, ಮಳೆ ಬಂದ ಲೆಕ್ಕದಲ್ಲಿ.

ವಿಜ್ಞಾನಿಗಳಿಗೆ ಈ ಮೀನು ಅಷ್ಟು ಹತ್ತಿರವಾಗಿದ್ದು ಇದಕ್ಕೇ. ಮೀನು ಉಪ್ಪನ್ನು ಹೇಗೆ ಹೊರಗೆ ಹಾಕುತ್ತದೆ ಅನ್ನುವುದನ್ನು ಅಳೆಯೋದು ಕಷ್ಟ, ಕಿವಿರಿನ ಆಕಾರ ಅಷ್ಟು ಜಟಿಲ. ಆದರೆ ಇದರ ಕಿವಿರು ಮುಚ್ಚಳದ ಒಳಪೊರೆಯಲ್ಲೂ ಅದೇ ಕೋಶಗಳು ತುಂಬಿವೆ, ಪೊರೆ ಮಾತ್ರ ಸಪಾಟು. 1977ರಲ್ಲಿ ಕಾರ್ನಕಿ ಮತ್ತು ಸಂಗಡಿಗರು ಆ ಪೊರೆಯನ್ನು ಬಿಡಿಸಿ, ಎರಡು ದ್ರವಗಳ ನಡುವೆ ಇಟ್ಟು, ಅದರ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ತೋರಿಸಿದರು. ಆಮೇಲೆ ಗೊತ್ತಾಗಿದ್ದು ಇನ್ನೂ ಚೆಂದ. ಉಪ್ಪು ಹೊರಗೆ ಹೋಗುವ ಬಾಗಿಲಿನಂಥ ಪ್ರೋಟೀನ್ ಸಿಎಫ್‌ಟಿಆರ್. ಮನುಷ್ಯರಲ್ಲಿ ಇದೇ ಪ್ರೋಟೀನ್ ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಬರುತ್ತದೆ. ಜೌಗಿನ ಮೀನೂ ನಾವೂ ಒಂದೇ ಬಾಗಿಲನ್ನು ಬಳಸುತ್ತಿದ್ದೇವೆ ಅಂತ ಮೊದಲ ಸಲ ಓದಿದಾಗ ನನಗೆ ಎಷ್ಟೋ ಹೊತ್ತು ಬೇರೆ ಏನೂ ಓದೋಕೆ ಮನಸ್ಸಾಗಲಿಲ್ಲ.

ಈಗ ಮೊಟ್ಟೆಯ ವಿಷಯ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರ ಎಲ್ಲಕ್ಕಿಂತ ಎತ್ತರಕ್ಕೆ ಏರುತ್ತದೆ. ಮಮಿಚಾಗ್ ಮೊಟ್ಟೆ ಇಡೋಕೆ ಆ ದಿನಗಳನ್ನೇ ಆರಿಸಿಕೊಳ್ಳುತ್ತದೆ. ನೀರಿನ ಜೊತೆ ಜೌಗಿನ ಮೇಲ್ಗಡೆಗೆ, ಮಾಮೂಲಿ ದಿನಗಳಲ್ಲಿ ನೀರೇ ಮುಟ್ಟದ ಜಾಗಕ್ಕೆ ಹೋಗುತ್ತದೆ. ಅಲ್ಲಿ ಬೆಳೆಯುವ ಕಾರ್ಡ್‌ಗ್ರಾಸ್ ಅನ್ನುವ ಜೌಗು ಹುಲ್ಲಿನ ಎಲೆ ಸಂದಿಯಲ್ಲಿ, ಇಲ್ಲವಾದರೆ ಸತ್ತ ಮಸ್ಸೆಲ್‌ನ ಖಾಲಿ ಚಿಪ್ಪಿನೊಳಗೆ ಮೊಟ್ಟೆ ಇಡುತ್ತದೆ. ನೀರು ಇಳಿಯುತ್ತದೆ. ಮೊಟ್ಟೆಗಳು ಗಾಳಿಯಲ್ಲಿ ಉಳಿಯುತ್ತವೆ. ಮೀನಿನ ಮೊಟ್ಟೆ ನೀರಿನ ಹೊರಗೆ! ಆದರೆ ಅದೇ ಸರಿಯಾದ ಜಾಗ. ಕಾಲುವೆಯ ತಳದಲ್ಲಿ ಮೊಟ್ಟೆ ಇಟ್ಟಿದ್ದರೆ ಏಡಿಯೋ ಸೀಗಡಿಯೋ ಬೇರೆ ಮೀನೋ ತಿಂದುಬಿಡುತ್ತಿತ್ತು, ತಿನ್ನದಿದ್ದರೆ ಹೂಳಿನಲ್ಲಿ ಆಮ್ಲಜನಕ ಸಿಗದೆ ಸಾಯುತ್ತಿತ್ತು. ಹುಲ್ಲಿನ ಸಂದಿಯಲ್ಲಿ ತೇವ ಇದೆ, ನೆರಳಿದೆ, ಗಾಳಿ ಬೇಕಾದಷ್ಟಿದೆ.

ಎರಡು ವಾರ ಹೀಗೇ ಕಳೆಯುತ್ತದೆ. ಒಳಗೆ ಮರಿ ಪೂರ್ತಿ ತಯಾರಾಗಿರುತ್ತದೆ, ಹೊರಗೆ ಬರುವುದಿಲ್ಲ, ಕಾಯುತ್ತದೆ. ಮುಂದಿನ ದೊಡ್ಡ ಉಬ್ಬರ ಬಂದು ಮೊಟ್ಟೆ ಮುಳುಗಿದ ಮೇಲೆ ಒಡೆದು ಹೊರಬರುತ್ತದೆ. ನೀರು ಬಂದಿದೆ ಅಂತ ಮೊಟ್ಟೆಯೊಳಗಿನ ಮರಿಗೆ ಹೇಗೆ ತಿಳಿಯುತ್ತದೆ? ಡಿಮಿಕೆಲ್ ಮತ್ತು ಟೇಲರ್ ಅನ್ನುವ ವಿಜ್ಞಾನಿಗಳು 1980ರ ಸುಮಾರಿಗೆ ಇದನ್ನು ಬಿಡಿಸಿದರು. ಗಾಳಿಯಲ್ಲಿ ಆಮ್ಲಜನಕ ಧಾರಾಳವಾಗಿ ಸಿಗುತ್ತಿರುತ್ತದೆ. ನೀರು ಆವರಿಸಿದ ಕೂಡಲೇ ಮೊಟ್ಟೆಗೆ ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ. ಆ ಉಸಿರುಕಟ್ಟುವಿಕೆಯೇ ಸೂಚನೆ. ಮರಿ ಮೊಟ್ಟೆಯ ಪೊರೆ ಕರಗಿಸುವ ರಸ ಬಿಡುತ್ತದೆ, ಹೊರಗೆ ಬರುತ್ತದೆ, ನೀರಿನ ಜೊತೆ ಜೌಗಿನ ಸಣ್ಣ ಗುಂಡಿಗಳಿಗೆ ಸೇರಿಕೊಳ್ಳುತ್ತದೆ. ಚಂದ್ರನ ಲೆಕ್ಕ, ಉಬ್ಬರದ ಎತ್ತರ, ಹುಲ್ಲು, ಮರಿ ಬೆಳೆಯುವ ವೇಗ, ಇಷ್ಟೂ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಒಂದು ಪೀಳಿಗೆ ಹುಟ್ಟುತ್ತದೆ. ಇದರಲ್ಲಿ ಹುಲ್ಲನ್ನು ತೆಗೆದು ಕಾಂಕ್ರೀಟ್ ಗೋಡೆ ಕಟ್ಟಿದರೆ ಏನಾಗುತ್ತದೆ ಅಂತ ಯೋಚಿಸಿ. ಆ ಕಡೆಗೆ ಆಮೇಲೆ ಬರುತ್ತೇನೆ.

ಇದೇ ಕುಲದ ಪಟ್ಟೆ ಕಿಲಿಫಿಶ್, ಫಂಡ್ಯುಲಸ್ ಮೆಜಾಲಿಸ್, ಇನ್ನೊಂದು ಕೆಲಸ ಮಾಡುತ್ತದೆ. ಇಳಿತದಲ್ಲಿ ಮರಳ ದಂಡೆಯ ಹಿಂದೆ ಗುಂಡಿಯೊಳಗೆ ಸಿಕ್ಕಿಕೊಂಡರೆ, ಮರಳ ಮೇಲೆ ಹಾರಿ ಹಾರಿ ಸಮುದ್ರದ ಕಡೆಗೇ ಹೋಗುತ್ತದೆ. ಎಸ್. ಓ. ಮಾಸ್ಟ್ 1915ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ.

ಬಾಹ್ಯಾಕಾಶದ ಮಾತನ್ನು ಬೇಗ ಹೇಳಿಬಿಡುತ್ತೇನೆ, ಇದನ್ನು ಎಲ್ಲರೂ ಕೇಳುತ್ತಾರೆ. 1973ರ ಜುಲೈ 28ರಂದು ಹೊರಟ ಸ್ಕೈಲ್ಯಾಬ್ 3 ಯಾನದಲ್ಲಿ ಎರಡು ಮಮಿಚಾಗ್‌ಗಳೂ 50 ಮೊಟ್ಟೆಗಳೂ ಹೋದವು. ಅಲನ್ ಬೀನ್, ಓವನ್ ಗ್ಯಾರಿಯಟ್, ಜ್ಯಾಕ್ ಲೌಸ್ಮಾ ಆ ಯಾನದ ಗಗನಯಾತ್ರಿಗಳು. ಭಾರವೇ ಇಲ್ಲದ ಕಡೆ ಮೀನುಗಳಿಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಗಿರಗಿರ ಸುತ್ತುತ್ತಾ ಈಜಿದವು. ಕೆಲವು ವಾರಗಳಲ್ಲಿ ಬೆಳಕಿನ ಕಡೆಗೆ ಬೆನ್ನು ಮಾಡಿ ನೆಟ್ಟಗೆ ಈಜೋದು ಕಲಿತವು. ಅಲ್ಲೇ ಮೊಟ್ಟೆಯೊಡೆದ ಮರಿಗಳಿಗೆ ಈ ತೊಂದರೆಯೇ ಆಗಲಿಲ್ಲ, ಮೊದಲಿಂದಲೂ ಸರಿಯಾಗಿಯೇ ಈಜಿದವು. 1975ರ ಅಪೊಲೊ-ಸೊಯುಜ್ ಯಾನದಲ್ಲೂ ಈ ಮೀನಿನ ಮೇಲೆ ಪ್ರಯೋಗ ನಡೆಯಿತು. ಪ್ರಯೋಗಾಲಯಗಳಲ್ಲಿ ಇದಕ್ಕೆ ಬಹಳ ಹಳೆಯ ಇತಿಹಾಸವಿತ್ತು, ಮೊಟ್ಟೆ ದೊಡ್ಡದು, ಪಾರದರ್ಶಕ, ಸಾಕೋದು ಸುಲಭ. ಅದಕ್ಕೇ ಇದನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಈ ಮೀನು ಜೌಗಿನಲ್ಲಿ ಮಾಡುವ ಕೆಲಸ. ಇದು ಸೊಳ್ಳೆ ಮರಿ, ಸಣ್ಣ ಸೀಗಡಿ, ಹುಳ, ಪಾಚಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಇದನ್ನು ಬಕ, ಕೊಕ್ಕರೆ, ನೀಲಿ ಏಡಿ, ಸ್ಟ್ರೈಪ್ಡ್ ಬಾಸ್‌ನಂಥ ದೊಡ್ಡ ಮೀನುಗಳು ತಿನ್ನುತ್ತವೆ. ಜೌಗಿನ ಹುಲ್ಲಿನಲ್ಲಿ ಹುಟ್ಟುವ ಆಹಾರ ಹಕ್ಕಿಗೂ ಸಮುದ್ರಕ್ಕೂ ಹೋಗುವುದರಲ್ಲಿ ದೊಡ್ಡ ಪಾಲು ಈ ಮೀನಿನ ಮೂಲಕವೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಸೊಳ್ಳೆ ಕಾಟ ತಪ್ಪಿಸೋಕೆ ಅಂತ ಕರಾವಳಿಯ ಜೌಗುಗಳಲ್ಲೆಲ್ಲ ಗೆರೆ ಎಳೆದ ಹಾಗೆ ಚರಂಡಿ ತೋಡಿ ನೀರು ಬಸಿದರು. ಆಮೇಲೆ 1960ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಬೇರೆ ದಾರಿ ಹಿಡಿದರು. ಜೌಗಿನಲ್ಲಿ ಸಣ್ಣ ಕೊಳಗಳನ್ನೂ ಅವಕ್ಕೆ ಕೂಡುವ ಕಾಲುವೆಗಳನ್ನೂ ಮಾಡಿ, ಕಿಲಿಫಿಶ್‌ಗಳೇ ಸೊಳ್ಳೆ ಮರಿ ಇರುವ ಜಾಗಕ್ಕೆ ತಲುಪುವ ಹಾಗೆ ಮಾಡಿದರು. ನೀರು ಬಸಿಯುವುದಕ್ಕಿಂತ ಮೀನನ್ನು ಒಳಗೆ ಬಿಡುವುದು ಒಳ್ಳೆಯದು ಅಂತ ಅರ್ಥವಾಗೋಕೆ ಅಷ್ಟು ವರ್ಷ ಬೇಕಾಯಿತು.

ಹಕ್ಕಿಗೆ ಹೋಗುವ ದಾರಿ ಅಂದೆನಲ್ಲ, ಅದನ್ನು ಬಳಸಿಕೊಳ್ಳುವ ಒಂದು ಪರಾವಲಂಬಿ ಇದೆ. ಕ್ಯಾಲಿಫೋರ್ನಿಯಾದ ಜೌಗುಗಳಲ್ಲಿ ಯೂಹ್ಯಾಪ್ಲಾರ್ಕಿಸ್ ಅನ್ನುವ ಚಪ್ಪಟೆ ಹುಳು. ಇದರ ಬದುಕು ಮೂರು ಕಡೆ ನಡೆಯುತ್ತದೆ, ಮೊದಲು ಕೊಂಬಿನಾಕಾರದ ಬಸವನಹುಳುವಿನಲ್ಲಿ, ಆಮೇಲೆ ಕಿಲಿಫಿಶ್‌ನಲ್ಲಿ, ಕೊನೆಗೆ ಹಕ್ಕಿಯ ಕರುಳಲ್ಲಿ. ಮೀನಿನೊಳಗೆ ಹೊಕ್ಕ ಮರಿಹುಳುಗಳು ಅದರ ಮೆದುಳಿನ ಮೇಲೆ ಸೇರಿಕೊಳ್ಳುತ್ತವೆ. ಆಮೇಲೆ ಮೀನು ಸುಮ್ಮನೆ ಇರುವುದಿಲ್ಲ, ನೀರಿನ ಮೇಲೆ ಬಂದು ಹೊಟ್ಟೆ ಹೊಳೆಯುವ ಹಾಗೆ ಹೊರಳುತ್ತದೆ, ನಡುಗುತ್ತದೆ. ಲ್ಯಾಫರ್ಟಿ ಮತ್ತು ಮಾರಿಸ್ 1996ರಲ್ಲಿ ಇದನ್ನು ಜೌಗಿನಲ್ಲೇ ಪರೀಕ್ಷಿಸಿದರು. ಹುಳು ಹೊಕ್ಕ ಮೀನುಗಳು ಹಕ್ಕಿಗೆ ಸಿಗುವ ಸಾಧ್ಯತೆ 10ರಿಂದ 30 ಪಟ್ಟು ಜಾಸ್ತಿ ಇತ್ತು. ಓದಿದರೆ ಮೈ ಜುಂ ಅನ್ನುತ್ತದೆ. ಇದನ್ನು ಇಲ್ಲಿ ಹೇಳುವುದಕ್ಕೆ ಒಂದು ಕಾರಣ ಇದೆ. ಈ ಮೀನಿನೊಳಗೆ ಏನಿದೆಯೋ ಅದು ಅಲ್ಲೇ ಉಳಿಯುವುದಿಲ್ಲ. ಹುಳುವಾದರೂ ಅಷ್ಟೇ, ವಿಷವಾದರೂ ಅಷ್ಟೇ.

ಇನ್ನು ವಿಷದ ಕಥೆ.

ಮಮಿಚಾಗ್ ತನ್ನ ಜಾಗ ಬಿಟ್ಟು ದೂರ ಹೋಗುವ ಮೀನಲ್ಲ. ವಿಕ್ಟರ್ ಲಾಟ್ರಿಕ್ 1975ರಲ್ಲಿ ಡೆಲವೇರ್‌ನ ಒಂದು ಕಾಲುವೆಯಲ್ಲಿ ಗುರುತು ಹಾಕಿದ ಮೀನುಗಳನ್ನು ಹಿಂಬಾಲಿಸಿ ನೋಡಿದಾಗ, ಬೇಸಿಗೆಯಲ್ಲಿ ಅವು ದಡದ ಉದ್ದಕ್ಕೆ ಸುಮಾರು 36 ಮೀಟರ್‌ನೊಳಗೇ ಓಡಾಡುತ್ತಿದ್ದವು. ಹಾಗಾಗಿ ಒಂದು ಕಾಲುವೆಗೆ ವಿಷ ಸೇರಿದರೆ ಅಲ್ಲಿನ ಮೀನು ಬೇರೆ ಕಡೆ ಹೋಗಿ ಬಚಾವಾಗುವುದಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದು ಅಲ್ಲೇ ಮೊಟ್ಟೆ ಇಡುತ್ತದೆ.

ಅಂಥ ನಾಲ್ಕು ಜಾಗಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಬಂದರಿಗೆ ಕೆಪಾಸಿಟರ್ ತಯಾರಿಸುವ ಕಾರ್ಖಾನೆಗಳಿಂದ 1940ರಿಂದ 1970ರ ದಶಕದವರೆಗೂ ಪಿಸಿಬಿ ಅನ್ನುವ, ಬೇಗ ಕರಗಿ ಹೋಗದ ಕೈಗಾರಿಕಾ ರಾಸಾಯನಿಕ ಸೇರುತ್ತಿತ್ತು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲೂ ಪಿಸಿಬಿ. ನ್ಯೂಜೆರ್ಸಿಯ ನ್ಯೂವರ್ಕ್ ಕೊಲ್ಲಿಯ ಕೆಸರಿನಲ್ಲಿ ಡಯಾಕ್ಸಿನ್, ವಿಯೆಟ್ನಾಂ ಯುದ್ಧದಲ್ಲಿ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್‌ಗೆ ಬೇಕಾದ ರಾಸಾಯನಿಕ ತಯಾರಾದ ಜಾಗದ ಉಳಿಕೆ ಅದು. ವರ್ಜೀನಿಯಾದ ಎಲಿಜಬೆತ್ ನದಿಯಲ್ಲಿ ಕ್ರಿಯೋಸೋಟ್, ಮರ ಕೊಳೆಯದಿರಲಿ ಅಂತ ಬಳಿಯುವ ಟಾರಿನಂಥ ಎಣ್ಣೆ.

ಈ ವಿಷಗಳಲ್ಲಿ ಹೆಚ್ಚಿನವು ಮೀನಿನ ಭ್ರೂಣವನ್ನು ಒಂದೇ ದಾರಿಯಲ್ಲಿ ಕೊಲ್ಲುತ್ತವೆ. ಕೋಶಗಳಲ್ಲಿ ಎಎಚ್‌ಆರ್ ಅನ್ನುವ ಒಂದು ಗ್ರಾಹಕ ಪ್ರೋಟೀನ್ ಇದೆ. ವಿಷದ ಅಣು ಅದಕ್ಕೆ ಅಂಟಿಕೊಂಡರೆ ಎಷ್ಟೋ ಜೀನ್‌ಗಳು ಒಟ್ಟಿಗೆ ಕೆಲಸಕ್ಕೆ ಇಳಿದು ನಿಲ್ಲದೆ ಓಡುತ್ತವೆ. ಬೆಳೆಯುತ್ತಿರುವ ಭ್ರೂಣದಲ್ಲಿ ಹೃದಯ ಸರಿಯಾಗಿ ರೂಪುಗೊಳ್ಳುವುದಿಲ್ಲ. ಈ ನಾಲ್ಕು ಜಾಗಗಳ ಮಮಿಚಾಗ್‌ಗಳಲ್ಲಿ ಮಾತ್ರ ಹಾಗಾಗುವುದಿಲ್ಲ. ಆಂಡ್ರ್ಯೂ ವೈಟ್‌ಹೆಡ್, ಡಯೇನ್ ನಾಚಿ ಮತ್ತು ಸಂಗಡಿಗರು ವಿಷದ ಜಾಗಗಳ ಮೀನುಗಳನ್ನೂ ಪಕ್ಕದ ಸ್ವಚ್ಛ ಜಾಗಗಳ ಮೀನುಗಳನ್ನೂ ತೆಗೆದುಕೊಂಡು, ಸುಮಾರು 400 ಮೀನುಗಳ ಪೂರ್ತಿ ಜೀನೋಮ್ ಓದಿ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಷಕ್ಕೆ ಒಗ್ಗಿದ ಮೀನುಗಳ ತಾಳಿಕೆ ಮಾಮೂಲಿ ಮೀನಿಗಿಂತ 8,000 ಪಟ್ಟಿನವರೆಗೂ ಇತ್ತು. ನಾಲ್ಕು ಕಡೆಯೂ ಬೇರೆ ಬೇರೆಯಾಗಿ, ಆದರೆ ಅದೇ ಎಎಚ್‌ಆರ್ ದಾರಿಯಲ್ಲೇ ಬದಲಾವಣೆ ಆಗಿತ್ತು. ಆ ದಾರಿಯನ್ನು ಮೀನುಗಳು ಮಂಕು ಮಾಡಿಕೊಂಡಿದ್ದವು.

ಕೆಲವೇ ದಶಕಗಳಲ್ಲಿ ಇದು ಹೇಗೆ ಸಾಧ್ಯವಾಯಿತು? ವಿಷ ಬಂದ ಮೇಲೆ ಹೊಸದಾಗಿ ಏನೋ ಪವಾಡ ನಡೆಯಲಿಲ್ಲ. ಮಮಿಚಾಗ್‌ಗಳ ಸಂಖ್ಯೆ ದೊಡ್ಡದು, ಅವುಗಳೊಳಗಿನ ಜೀನ್ ವೈವಿಧ್ಯ ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಬಹಳ ಜಾಸ್ತಿ. ವಿಷ ತಾಳುವ ಬಗೆಯ ಜೀನ್‌ಗಳು ವಿಷ ಬರುವ ಮೊದಲೇ ಎಲ್ಲೋ ಕೆಲವು ಮೀನುಗಳಲ್ಲಿ ಇದ್ದವು. ವಿಷ ಬಂದಾಗ ಉಳಿದವೆಲ್ಲ ಸತ್ತವು, ಇವು ಉಳಿದವು. "ಹೊಂದಿಕೊಂಡಿತು" ಅನ್ನುವ ಒಂದು ಪದದ ಹಿಂದೆ ಇಷ್ಟು ಸಾವು ಇದೆ. ಪೀಳಿಗೆ ಪೀಳಿಗೆಯ ಭ್ರೂಣಗಳು ಹೃದಯ ಕೆಟ್ಟು ಸತ್ತ ಮೇಲೆ ಉಳಿದ ಮೀನುಗಳನ್ನೇ ನಾವು ಗಟ್ಟಿ ಮೀನು ಅಂತ ಹೊಗಳುತ್ತಿದ್ದೇವೆ. ಅಷ್ಟು ಸಂಖ್ಯೆಯೂ ವೈವಿಧ್ಯವೂ ಇಲ್ಲದ ಬೇರೆ ಜೀವಿಗಳಿಗೆ ಈ ಅವಕಾಶವೇ ಸಿಗುವುದಿಲ್ಲ, ಅವು ಸದ್ದಿಲ್ಲದೆ ಆ ಜಾಗದಿಂದ ಇಲ್ಲವಾಗುತ್ತವೆ.

ಮೆಕ್ಸಿಕೊ ಕೊಲ್ಲಿಯ ಗ್ರ್ಯಾಂಡಿಸ್ ಕಥೆ ಇದನ್ನೇ ಇನ್ನೊಂದು ರೀತಿ ಹೇಳುತ್ತದೆ. ಟೆಕ್ಸಸ್‌ನ ಹ್ಯೂಸ್ಟನ್ ಹಡಗು ಕಾಲುವೆಯ ಸುತ್ತ ವಿಷ ತಾಳುವ ಗ್ರ್ಯಾಂಡಿಸ್ ಮೀನುಗಳು ಸಿಕ್ಕವು. ಎಲಿಯಾಸ್ ಒಜಿಯೊಲೊರ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದೇನೆಂದರೆ, ತಾಳಿಕೆಯ ಆ ಜೀನ್‌ಗಳು ಬಂದಿದ್ದು ಅಟ್ಲಾಂಟಿಕ್‌ನ ಮಮಿಚಾಗ್‌ನಿಂದ. ನಡುವೆ ಇಡೀ ಫ್ಲೋರಿಡಾ ಇದೆ, ಈ ಮೀನು ತಾನಾಗಿ ಅಷ್ಟು ದೂರ ಹೋಗೋದೇ ಇಲ್ಲ. ಯಾರದೋ ಕೈಯಿಂದಲೋ, ಹಡಗುಗಳು ತೂಕ ಸರಿದೂಗಿಸೋಕೆ ತುಂಬಿಕೊಳ್ಳುವ ಬ್ಯಾಲಾಸ್ಟ್ ನೀರಿನ ಜೊತೆಗೋ ಕೆಲವು ಬಂದಿರಬೇಕು, ಇಲ್ಲಿನ ಮೀನಿನ ಜೊತೆ ಕೂಡಿರಬೇಕು. ಗ್ರ್ಯಾಂಡಿಸ್ ಉಳಿದಿದ್ದು ಹೀಗೆ ಆಕಸ್ಮಿಕವಾಗಿ ಸಿಕ್ಕ ಸಾಲದಿಂದ. ಎಲ್ಲ ಜೀವಿಗಳಿಗೂ ಹೀಗೆ ಸಾಲ ಸಿಗುತ್ತದಾ? ಅದೇ ಗ್ರ್ಯಾಂಡಿಸ್ 2010ರ ಡೀಪ್‌ವಾಟರ್ ಹೊರೈಜನ್ ಎಣ್ಣೆ ಸೋರಿಕೆಯಾದಾಗ ಲೂಸಿಯಾನದ ಜೌಗಿನಲ್ಲಿ ಹೇಗಿತ್ತು ನೋಡಿ. ನೀರಿನಲ್ಲಿ, ಮೀನಿನ ಮಾಂಸದಲ್ಲಿ ಎಣ್ಣೆಯ ಅಂಶ ಬಹಳ ಕಡಿಮೆ ಅಂತ ಕಂಡರೂ ಅದರ ಕಿವಿರು ಬದಲಾಗಿತ್ತು, ವಿಷಕ್ಕೆ ಪ್ರತಿಕ್ರಿಯಿಸುವ ಜೀನ್‌ಗಳು ಓಡುತ್ತಿದ್ದವು.

ಈಗ ಬೆಲೆಯ ಮಾತು. ನಾನು ಮೊದಲಿಂದ ಹೇಳಬೇಕು ಅಂದುಕೊಂಡಿದ್ದು ಇದನ್ನೇ.

ಎಲಿಜಬೆತ್ ನದಿಯ ಕ್ರಿಯೋಸೋಟ್ ಜಾಗದ ಮೀನುಗಳ ಭ್ರೂಣ ಸಾಯುವುದಿಲ್ಲ, ನಿಜ. ಆದರೆ ವೋಗಲ್‌ಬೈನ್ ಮತ್ತು ಸಂಗಡಿಗರು 1990ರಲ್ಲಿ ಅಲ್ಲಿನ ದೊಡ್ಡ ಮೀನುಗಳ ಯಕೃತ್ತು ನೋಡಿದಾಗ ಸುಮಾರು ಮೂರರಲ್ಲಿ ಒಂದು ಮೀನಿಗೆ ಕ್ಯಾನ್ಸರ್ ಇತ್ತು. ಭ್ರೂಣದಲ್ಲಿ ಬದುಕಿಸಿದ ತಾಳಿಕೆ ಆಮೇಲೆ ಕ್ಯಾನ್ಸರಿನಿಂದ ಕಾಪಾಡಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಮೇಯರ್ ಮತ್ತು ಡಿ ಜ್ಯೂಲಿಯೊ 2003ರಲ್ಲಿ ಇನ್ನೊಂದನ್ನು ತೋರಿಸಿದರು. ಈ ಮೀನುಗಳ ಮರಿಗಳನ್ನು ಸ್ವಚ್ಛ ನೀರಿನಲ್ಲಿ ಬೆಳೆಸಿ ಬೇರೆ ಕಷ್ಟಗಳಿಗೆ ಒಡ್ಡಿದರೆ, ಉದಾಹರಣೆಗೆ ಆಮ್ಲಜನಕ ಕಡಿಮೆ ಮಾಡಿದರೆ, ಮಾಮೂಲಿ ಮೀನಿನ ಮರಿಗಿಂತ ಇವೇ ಜಾಸ್ತಿ ಸೋಲುತ್ತಿದ್ದವು. ಆಮ್ಲಜನಕ ಕಡಿಮೆಯಾಗುವುದು ಜೌಗಿನಲ್ಲಿ ಬೇಸಿಗೆಯಲ್ಲಿ ದಿನಾ ನಡೆಯುವ ವಿಷಯ. ಒಂದು ಕಷ್ಟ ತಾಳೋಕೆ ಹೋಗಿ, ತನ್ನ ಕುಲ ಅನಾದಿಯಿಂದ ತಾಳುತ್ತಿದ್ದ ಕಷ್ಟವನ್ನು ತಾಳುವ ಶಕ್ತಿಯಲ್ಲೇ ಒಂದಿಷ್ಟು ಕಳೆದುಕೊಂಡಿತು.

ನ್ಯೂಜೆರ್ಸಿಯ ಪೈಲ್ಸ್ ಕ್ರೀಕ್ ಅನ್ನುವ ಕಾಲುವೆಯ ಮೀನುಗಳನ್ನು ಜೂಡಿತ್ ವೈಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಗಮನಿಸಿದ್ದಾರೆ. ಪಾದರಸವೂ ಬೇರೆ ಲೋಹಗಳೂ ಸೇರಿದ ಜಾಗ ಅದು. ಅಲ್ಲಿನ ಮಮಿಚಾಗ್‌ಗಳು ಮಂದ. ಬೇಟೆ ಹಿಡಿಯುವ ಚುರುಕಿಲ್ಲ, ಕೊಳೆತ ಕಸವನ್ನೇ ಜಾಸ್ತಿ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಸರಿಯಾಗಿ ಬೆಳೆಯುವುದಿಲ್ಲ, ನೀಲಿ ಏಡಿಗೆ ಸುಲಭವಾಗಿ ಸಿಕ್ಕಿಬೀಳುತ್ತವೆ. ಬಲೆ ಹಾಕಿ ಎಣಿಸಿದರೆ "ಮೀನು ಇದೆ" ಅಂತ ಬರೆದುಕೊಳ್ಳಬಹುದು. ಆ ಮೀನು ಹೇಗಿದೆ ಅನ್ನುವುದು ಎಣಿಕೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು, ಇದನ್ನು ಜನ ಪೂರ್ತಿ ಮರೆತುಬಿಡುತ್ತಾರೆ. ವಿಷಕ್ಕೆ ಒಗ್ಗಿದ ಮೀನು ವಿಷವನ್ನು ಇಲ್ಲವಾಗಿಸುವುದಿಲ್ಲ. ನ್ಯೂ ಬೆಡ್‌ಫರ್ಡ್‌ನ ಮೀನಿನ ಕೊಬ್ಬಿನಲ್ಲಿ ಪಿಸಿಬಿ ತುಂಬಿಕೊಂಡೇ ಇರುತ್ತದೆ. ಮೊದಲಾಗಿದ್ದರೆ ಮೀನು ಭ್ರೂಣದಲ್ಲೇ ಸಾಯುತ್ತಿತ್ತು. ಈಗ ಅದು ದೊಡ್ಡದಾಗುತ್ತದೆ, ಬಕದ ಹೊಟ್ಟೆ ಸೇರುತ್ತದೆ, ಬಾಸ್ ಮೀನಿನ ಹೊಟ್ಟೆ ಸೇರುತ್ತದೆ. ಆ ಬಕಕ್ಕೆ ತಾಳಿಕೆಯ ಜೀನ್ ಇಲ್ಲ. ಕೆಸರಿನಲ್ಲಿದ್ದ ವಿಷಕ್ಕೆ ಮೇಲೆ ಹತ್ತೋಕೆ ಒಂದು ಗಟ್ಟಿ ಏಣಿ ಸಿಕ್ಕ ಹಾಗಾಯಿತು.

ಗೋಡೆಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಕರಾವಳಿಯ ಊರುಗಳಲ್ಲಿ ದಡ ಕೊಚ್ಚಿ ಹೋಗದಿರಲಿ ಅಂತ ಗೋಡೆ ಕಟ್ಟುತ್ತಾರೆ. ಸಮುದ್ರದ ಮಟ್ಟ ಏರುತ್ತಿದೆ, ಜೌಗು ಒಳಗಡೆಗೆ ಸರಿಯಬೇಕು, ಸರಿಯೋಕೆ ಗೋಡೆ ಅಡ್ಡ. ಮೊಟ್ಟೆ ಇಡುವ ಎತ್ತರದ ಹುಲ್ಲೇ ಇಲ್ಲವಾದರೆ ಯಾವ ಜೀನ್ ವೈವಿಧ್ಯವೂ ಕೆಲಸಕ್ಕೆ ಬರುವುದಿಲ್ಲ. ಈಗ ಕೆಲವು ಕಡೆ ಗೋಡೆಯ ಬದಲು ಹುಲ್ಲು ನೆಟ್ಟು, ಅದರ ಮುಂದೆ ಸಿಂಪಿಚಿಪ್ಪುಗಳ ಸಾಲು ಹಾಕಿ ದಡ ಉಳಿಸುತ್ತಿದ್ದಾರೆ. ಎಲ್ಲ ಕಡೆಯೂ ಇದು ಆಗುವುದಿಲ್ಲ, ಅಲೆಯ ಹೊಡೆತ ಜೋರಾಗಿರುವ ಕಡೆ ನಿಲ್ಲುವುದಿಲ್ಲ. ಆಗುವ ಕಡೆ ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ವಿಷದ ವಿಷಯದಲ್ಲೂ ಮಾಡಬಹುದಾದ ಕೆಲಸ ಇದೆ, ಮಾಡಿ ತೋರಿಸಿದ್ದಾರೆ. ಎಲಿಜಬೆತ್ ನದಿಯ ದಕ್ಷಿಣ ಕವಲಿನಲ್ಲಿ ಮನಿ ಪಾಯಿಂಟ್ ಅಂತ ಒಂದು ಜಾಗ ಇದೆ, ಕ್ರಿಯೋಸೋಟ್ ಕೆಸರಿನಿಂದ ಹದಗೆಟ್ಟಿತ್ತು. ಎಲಿಜಬೆತ್ ರಿವರ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಬೇರೆಯವರ ಜೊತೆ ಸೇರಿ ಅಲ್ಲಿನ ವಿಷದ ಕೆಸರನ್ನು ತೋಡಿ ತೆಗೆಸಿತು, ಮೇಲೆ ಸ್ವಚ್ಛ ಮರಳು ಹಾಸಿತು, ಹುಲ್ಲು ನೆಟ್ಟಿತು. ಆಮೇಲೆ ಅಲ್ಲಿನ ಮಮಿಚಾಗ್‌ಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆಯಾಯಿತು. ಮೊದಲು ಬೆರಳೆಣಿಕೆಯಷ್ಟು ಬಗೆಯ ಮೀನುಗಳಿದ್ದ ಜಾಗಕ್ಕೆ ಬೇರೆ ಬೇರೆ ಮೀನುಗಳೂ ಬರತೊಡಗಿದವು. ಕೆಸರು ತೆಗೆದ ಜಾಗಗಳಲ್ಲಿ ಇನ್ನು ಮುಂದಿನ ಪೀಳಿಗೆಗಳ ಜೀನ್‌ಗಳು ಯಾವ ಕಡೆ ವಾಲುತ್ತವೆ, ಮಂಕಾದ ಆ ಎಎಚ್‌ಆರ್ ದಾರಿ ಮತ್ತೆ ಚುರುಕಾಗುತ್ತದಾ, ಅದಕ್ಕೆ ಎಷ್ಟು ಪೀಳಿಗೆ ಬೇಕು ಅನ್ನುವುದನ್ನು ನಾನು ಕಾದು ನೋಡುತ್ತಿದ್ದೇನೆ. ಹೊಸ ಪ್ರಬಂಧ ಬಂದ ಕೂಡಲೇ ಇಲ್ಲೇ ಬರೆಯುತ್ತೇನೆ.